ಬಂಗಾರದ ಗುರುತುಗುಂಡು
ಶುದ್ಧ ಚಿನ್ನ, ವ್ಯಾಸ 2 ಮಿ.ಮೀ.
ಸಪ್ಪೊರೊ, ಜಪಾನ್, 1990ರ ದಶಕದ ಕೊನೆಯಿಂದ ಬಳಕೆಯಲ್ಲಿ

ಸಾಸಿವೆ ಕಾಳಿನಷ್ಟೇ ಇರುವ ಈ ಗುಂಡನ್ನು ಸೂಜಿಯ ಮೂಲಕ ಯಕೃತ್ತಿನೊಳಗೆ, ಕ್ಯಾನ್ಸರ್ ಗಡ್ಡೆಯ ಪಕ್ಕದಲ್ಲೇ ಕೂರಿಸುತ್ತಾರೆ.

ಯಕೃತ್ತು ಇರುವುದು ವಪೆಗೆ ಅಂಟಿಕೊಂಡಂತೆ, ಅದರ ಕೆಳಗೆ. ಹಾಗಾಗಿ ಉಸಿರೆಳೆದಾಗ ಕೆಳಗೆ, ಬಿಟ್ಟಾಗ ಮೇಲೆ, ಒಂದೆರಡು ಸೆಂಟಿಮೀಟರ್ ಸರಿಯುತ್ತಲೇ ಇರುತ್ತದೆ. ಮೊದಲೆಲ್ಲ ಈ ಓಡಾಟದ ಹರವಿಗೆಲ್ಲ ವಿಕಿರಣ ಹಾಯಿಸಬೇಕಿತ್ತು. ಗಡ್ಡೆಯ ಜೊತೆಗೆ ಆರೋಗ್ಯವಾಗಿರುವ ಭಾಗವೂ ಪೆಟ್ಟು ತಿನ್ನುತ್ತಿತ್ತು. ಸಿರೋಸಿಸ್‌ನಿಂದ ಆಗಲೇ ಸೊರಗಿದ ಯಕೃತ್ತಿಗೆ ಇದು ತೀರಾ ದುಬಾರಿ.

ಹೊಕ್ಕೈಡೊ ವಿಶ್ವವಿದ್ಯಾಲಯದ ಹಿರೋಕಿ ಶಿರಾಟೊ ಮತ್ತು ಸಂಗಡಿಗರು ಮಿತ್ಸುಬಿಷಿ ಎಲೆಕ್ಟ್ರಿಕ್ ಜೊತೆಗೂಡಿ ಬೇರೆ ದಾರಿ ಹುಡುಕಿದರು. 1999ರಲ್ಲಿ ಅದನ್ನು ವೈದ್ಯಲೋಕದ ಮುಂದಿಟ್ಟರು. ಎಕ್ಸ್‌ರೇ ಉಪಕರಣಗಳು ಎರಡು ಕೋನಗಳಿಂದ ಸೆಕೆಂಡಿಗೆ 30 ಸಲ ಗುಂಡನ್ನು ನೋಡುತ್ತವೆ. ಅದು ನಿಗದಿತ ಜಾಗಕ್ಕೆ ಬಂದಾಗ ಮಾತ್ರ ಚಿಕಿತ್ಸೆಯ ಕಿರಣ ಹೊರಡುತ್ತದೆ. ಒಂದೆರಡು ಮಿಲಿಮೀಟರ್ ಆಚೆ ಸರಿದರೂ ತಟ್ಟನೆ ನಿಲ್ಲುತ್ತದೆ. ರೋಗಿ ಉಸಿರು ಬಿಗಿಹಿಡಿಯಬೇಕಿಲ್ಲ.

ಚಿನ್ನವೇ ಏಕೆ? ಆಭರಣದ ಮೋಹವಂತೂ ಅಲ್ಲ. ಸಾಂದ್ರತೆ ಹೆಚ್ಚಿರುವುದರಿಂದ ಎಕ್ಸ್‌ರೇಯಲ್ಲಿ ನಿಚ್ಚಳವಾಗಿ ಕಾಣುತ್ತದೆ, ಮೈಯೊಳಗೆ ತುಕ್ಕು ಹಿಡಿಯುವುದಿಲ್ಲ.

ಆಕಾರವನ್ನು ಗಮನಿಸಿ. ಮೂಲೆಯಿಲ್ಲ, ಉದ್ದವಿಲ್ಲ. ಯಾವ ದಿಕ್ಕಿನಿಂದ ಕಿರಣ ಹಾಯಿಸಿದರೂ ನೆರಳು ದುಂಡಗೇ ಬೀಳುವುದರಿಂದ ಕಂಪ್ಯೂಟರ್ ಅದನ್ನು ಸುಲಭವಾಗಿ ಗುರುತಿಸುತ್ತದೆ. ಕಡ್ಡಿಯಂಥ ಗುರುತುಗಳೂ ಬಳಕೆಯಲ್ಲಿವೆ. ಅವಕ್ಕೆ ಈ ಅನುಕೂಲವಿಲ್ಲ.

ಚಿಕಿತ್ಸೆ ಮುಗಿದ ಮೇಲೆ ಗುಂಡನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ, ಯಕೃತ್ತಿನಲ್ಲೇ ಉಳಿಸುತ್ತಾರೆ.