ಕೇಳದೆ ಕಟ್ಟಿದ ಮನೆಗಳು: ಮುಂಬಯಿಯ ಬಿ.ಡಿ.ಡಿ. ಚಾಳುಗಳು ಮತ್ತು ನಿವಾಸಿಗಳ ಸಮ್ಮತಿ

ಸರ್ಕಾರವು ದುಡಿಯುವ ಜನರಿಗಾಗಿ ವಸತಿ ನಿರ್ಮಿಸುವಾಗ ಅಲ್ಲಿ ಬಾಳಬೇಕಾದವರ ಅಭಿಪ್ರಾಯಕ್ಕೆ ಯಾವ ಸ್ಥಾನವಿತ್ತು? ಮುಂಬಯಿಯ ಬಿ.ಡಿ.ಡಿ. ಚಾಳುಗಳನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಧಾರವಾಡ, ಬೆಳಗಾವಿ, ವಿಜಾಪುರ ಹಾಗೂ ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದವು. ಆದುದರಿಂದ ಮುಂಬಯಿಯಲ್ಲಿ ರೂಪುಗೊಂಡ ನಗರಯೋಜನೆಯ ಕಾನೂನು ಕರ್ನಾಟಕದ ಚರಿತ್ರೆಗೂ ಸೇರಿದ ವಿಷಯವಾಗಿದೆ.

1896ರಲ್ಲಿ ತಲೆದೋರಿದ ಪ್ಲೇಗು ನಗರದ ಇಕ್ಕಟ್ಟಿನ ವಸತಿಗಳತ್ತ ಸರ್ಕಾರದ ಗಮನ ಸೆಳೆಯಿತು. 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಸ್ಥಾಪನೆಯಾಯಿತು. ಅದರ ಮಂಡಲಿಯಲ್ಲಿ ಸರ್ಕಾರ, ನಗರಸಭೆ, ಬಂದರು ಟ್ರಸ್ಟು, ವಾಣಿಜ್ಯ ಮಂಡಲಿ ಹಾಗೂ ಗಿರಣಿ ಮಾಲೀಕರ ಸಂಘಗಳಿಗೆ ಸ್ಥಾನವಿತ್ತು. ಮನೆ ಕಳೆದುಕೊಳ್ಳುವ ಬಾಡಿಗೆದಾರರಿಗೆ ಇರಲಿಲ್ಲ. 1915ರ ಮುಂಬಯಿ ನಗರ ಯೋಜನಾ ಕಾಯಿದೆಯು ಯೋಜನೆಯ ಕರಡಿಗೆ ಆಕ್ಷೇಪ ಸಲ್ಲಿಸುವ ಕ್ರಮವನ್ನು ತಂದಿತಾದರೂ, ನಿವೇಶನಗಳ ಮರುಹಂಚಿಕೆಯೇ ಅದರ ತಿರುಳಾಗಿದ್ದುದರಿಂದ ಅದು ಮುಖ್ಯವಾಗಿ ಭೂಮಾಲೀಕರೊಡನೆ ನಡೆಸುವ ವ್ಯವಹಾರವಾಯಿತು. ಕೇಳಿಸಿಕೊಳ್ಳಲ್ಪಡುವ ಹಕ್ಕು ಸ್ವತ್ತಿಗೆ ಅಂಟಿಕೊಂಡು ಬಂದಿತೇ ಹೊರತು ವಾಸಕ್ಕಲ್ಲ ಎಂಬುದನ್ನು ನಾವು ಇಲ್ಲಿಯೇ ಗುರುತಿಸಬೇಕು.

ಈ ಹಿನ್ನೆಲೆಯಲ್ಲಿ, ಗವರ್ನರ್ ಜಾರ್ಜ್ ಲಾಯ್ಡ್ ಅವರ ಕಾಲದಲ್ಲಿ, 1920ರಲ್ಲಿ ಮುಂಬಯಿ ಅಭಿವೃದ್ಧಿ ಇಲಾಖೆ, ಅಂದರೆ ಬಿ.ಡಿ.ಡಿ., ಅಸ್ತಿತ್ವಕ್ಕೆ ಬಂದಿತು. ಹತ್ತಿಯ ಪ್ರತಿ ಬೇಲಿಗೆ ಒಂದು ರೂಪಾಯಿ ಸುಂಕ ವಿಧಿಸಿ, 50,000 ಖೋಲಿಗಳನ್ನು ಕಟ್ಟುವ ಗುರಿ ಇರಿಸಲಾಗಿತ್ತು. ಕಟ್ಟಿದ್ದು ವರ್ಲಿ, ನಾಯಗಾಂವ್, ಡಿಲೈಲ್ ರಸ್ತೆ ಹಾಗೂ ಶಿವಡಿಗಳಲ್ಲಿ 207 ಚಾಳುಗಳು, ಸುಮಾರು 16,000 ಖೋಲಿಗಳು. ಪ್ರತಿ ಖೋಲಿಯ ವಿಸ್ತಾರ ಸುಮಾರು 160 ಚದರ ಅಡಿ, ಶೌಚಾಲಯಗಳು ಸಾಮೂಹಿಕ.

ಗಿರಣಿ ಕಾರ್ಮಿಕನಿಗೆ ಎಂಥ ಮನೆ ಬೇಕು, ಎಷ್ಟು ಬಾಡಿಗೆ ತಾಳಬಲ್ಲ, ಗಿರಣಿಯಿಂದ ಎಷ್ಟು ದೂರ ಹೋಗಬಲ್ಲ ಎಂಬುದನ್ನು ಕಾರ್ಮಿಕನ ಬಾಯಿಂದ ತಿಳಿಯುವ ಏರ್ಪಾಡು ಈ ಯೋಜನೆಯಲ್ಲಿ ಇರಲಿಲ್ಲ. ಉತ್ತರ ಮಾತ್ರ ಬೇಗನೆ ಬಂದಿತು. ಬಾಡಿಗೆ ಹೆಚ್ಚು, ಸ್ಥಳ ದೂರ ಎಂಬ ಕಾರಣಗಳಿಂದ ವರ್ಲಿಯ ಖೋಲಿಗಳು ಬಹುಸಂಖ್ಯೆಯಲ್ಲಿ ಖಾಲಿ ಉಳಿದವು. ಬರ್ನೆಟ್-ಹರ್ಸ್ಟ್ ಅವರು 1925ರಲ್ಲಿ ಪ್ರಕಟಿಸಿದ ಮುಂಬಯಿ ಕಾರ್ಮಿಕರ ಅಧ್ಯಯನದಲ್ಲಿ ಈ ಕಟ್ಟಡಗಳ ದೋಷಗಳನ್ನು ಎತ್ತಿ ತೋರಿದರು, ಕೆ.ಎಫ್. ನರಿಮನ್ ಅವರು ಇಲಾಖೆಯ ದುರಾಡಳಿತವನ್ನು ಸಾರ್ವಜನಿಕವಾಗಿ ಖಂಡಿಸಿದರು. ಕಾನೂನುಭಂಗ ಚಳವಳಿಯ ಕಾಲದಲ್ಲಿ ವರ್ಲಿಯ ಚಾಳುಗಳನ್ನು ತಾತ್ಕಾಲಿಕ ಸೆರೆಮನೆಯಾಗಿ ಬಳಸಲಾಯಿತು. ಕಾರ್ಮಿಕರಿಗೆಂದು ಕಟ್ಟಿದ ಮನೆ ಸತ್ಯಾಗ್ರಹಿಗಳ ಸೆರೆಯಾಗಲು ಒದಗಿತೆಂಬುದೇ ಯೋಜನೆಯ ಸೋಲಿಗೆ ಸಾಕಷ್ಟು ಸಾಕ್ಷಿ. ಖಾಲಿ ಖೋಲಿಗಳ ಲೆಕ್ಕವನ್ನು ನಾವು ಬರಿಯ ಆದಾಯನಷ್ಟದ ಅಂಕಿಯೆಂದು ಓದಬಾರದು. ಕೇಳದಿದ್ದವರು ಕೊಟ್ಟ ಅಭಿಪ್ರಾಯವೆಂದೂ ಓದಬೇಕು.

ಸ್ವಾತಂತ್ರ್ಯಾನಂತರ ಕಾನೂನಿನ ಭಾಷೆ ಬದಲಾಯಿತು. 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆಯಂತೆ ಅಭಿವೃದ್ಧಿ ಯೋಜನೆಯ ಕರಡಿನ ಮೇಲೆ ಯಾರೇ ಆಗಲಿ ಆಕ್ಷೇಪ ಹಾಗೂ ಸಲಹೆಗಳನ್ನು ಸಲ್ಲಿಸಬಹುದಾಯಿತು. 1995ರ ಕೊಳೆಗೇರಿ ಪುನರ್ವಸತಿ ಯೋಜನೆ ಇನ್ನೊಂದು ಹೆಜ್ಜೆ ಮುಂದಿಟ್ಟು, ಅರ್ಹ ನಿವಾಸಿಗಳಲ್ಲಿ ಶೇ. 70 ಮಂದಿಯ ಸಮ್ಮತಿಯನ್ನು ಅವಶ್ಯಕಗೊಳಿಸಿತು. ಈ ಪ್ರಮಾಣವನ್ನು ಮುಂದೆ ಶೇ. 51ಕ್ಕೆ ಇಳಿಸಲಾಯಿತು. ಆದರೆ ಬಿ.ಡಿ.ಡಿ. ಚಾಳುಗಳ ಮರುನಿರ್ಮಾಣವನ್ನು ಸರ್ಕಾರವೇ ‘ಮ್ಹಾಡಾ’ದ ಮೂಲಕ ಕೈಗೊಂಡುದರಿಂದ ಬಾಡಿಗೆದಾರರ ಸಮ್ಮತಿ ಕಡ್ಡಾಯವಾಗಲಿಲ್ಲ. 2017ರಲ್ಲಿ ಶಂಕುಸ್ಥಾಪನೆಯಾಯಿತು. ಮನೆ ತೆರವು ಮಾಡುವ ಮುನ್ನ ಲಿಖಿತ ಕರಾರು ಬೇಕೆಂದು ನಿವಾಸಿಗಳು ಪಟ್ಟು ಹಿಡಿದರು. 2025ರ ಆಗಸ್ಟ್ 14ರಂದು ವರ್ಲಿಯಲ್ಲಿ ಮೊದಲ ಹಂತದ 556 ಮನೆಗಳ ಬೀಗದ ಕೈಗಳು ಹಸ್ತಾಂತರಗೊಂಡವು. ಹೊಸ ಮನೆಯ ವಿಸ್ತಾರ 500 ಚದರ ಅಡಿ. ಅದು ಉಚಿತ, ಸ್ವಂತದ್ದು.

ಈ ಲಾಭ ಸಣ್ಣದಲ್ಲ. ಮೂರು ತಲೆಮಾರು ಇಕ್ಕಟ್ಟಿನಲ್ಲಿ ಕಳೆದ ಕುಟುಂಬಗಳಿಗೆ ಅದರ ಬೆಲೆ ಗೊತ್ತು. ಆದರೂ ಒಳ್ಳೆಯ ಮನೆ ದೊರೆತ ಮಾತ್ರಕ್ಕೆ ಕೇಳುವ ಅಗತ್ಯ ಇಲ್ಲವಾಗುವುದಿಲ್ಲ. 1920ರ ದಶಕದಲ್ಲಿ ಬಾಡಿಗೆದಾರನು ಖೋಲಿಯನ್ನು ನಿರಾಕರಿಸಿ ಉತ್ತರಿಸಿದನು. ಸುಮಾರು ನೂರು ವರ್ಷಗಳ ಮೇಲೆ ಅವನ ಉತ್ತರಾಧಿಕಾರಿ ಖೋಲಿ ಬಿಡಲು ನಿರಾಕರಿಸಿ ಕರಾರು ಕೇಳಿದನು. ಎರಡು ಸಂದರ್ಭಗಳಲ್ಲೂ ಮಾತು ನಡೆದದ್ದು ನಕಾಶೆ ಸಿದ್ಧವಾದ ಮೇಲೆಯೇ. ಮುಂಬಯಿ ಪ್ರಾಂತದ ದಾಖಲೆಗಳು ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ಉಳಿದಿವೆ. ಧಾರವಾಡ, ಬೆಳಗಾವಿಗಳ ನಗರಯೋಜನೆಯನ್ನು ಅಭ್ಯಸಿಸುವ ಹೊರನಾಡಿನ ಸಂಶೋಧಕರು ಅಲ್ಲಿಯ ಕಡತಗಳಲ್ಲಿ ಮಾಲೀಕರ ಆಕ್ಷೇಪಗಳಷ್ಟೇ ಅಲ್ಲದೆ ಬಾಡಿಗೆದಾರರ ಅರ್ಜಿಗಳನ್ನೂ ಅರಸಬೇಕಾಗಿದೆ. ಅರ್ಜಿ ಇಲ್ಲದ ಕಡೆ ಖಾಲಿ ಉಳಿದ ಮನೆಗಳ ಪಟ್ಟಿಯೂ ಮಾತನಾಡಬಲ್ಲದೆಂಬುದು ನಮ್ಮ ಅಭಿಮತ.