ಗರ್ಭಿಣಿಯರು ಆಂಟಿಬಯಾಟಿಕ್ ಮಾತ್ರೆ ತೆಗೆದುಕೊಳ್ಳಬಹುದೇ?

ಗರ್ಭಿಣಿಗೆ ಜ್ವರವೋ ಉರಿಮೂತ್ರವೋ ಬಂದಾಗ ಮನೆಗಳಲ್ಲಿ ಎರಡು ತಪ್ಪುಗಳು ನಡೆಯುತ್ತವೆ. ಮೆಡಿಕಲ್ ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗುವುದು ಒಂದು. ಮಗುವಿಗೆ ತೊಂದರೆಯಾದೀತೆಂದು ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನೂ ಬಿಡುವುದು ಇನ್ನೊಂದು. ಎರಡರಿಂದಲೂ ಅಪಾಯವಿದೆ.

ಆಂಟಿಬಯಾಟಿಕ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ ಅಥವಾ ಬೆಳೆಯದಂತೆ ತಡೆಯುತ್ತದೆ. ವೈರಸ್‌ನಿಂದ ಬರುವ ನೆಗಡಿ, ಫ್ಲೂಗೆ ಅದರಿಂದ ಪ್ರಯೋಜನವಿಲ್ಲ. ಆದರೆ ಬೇಕಾದಾಗ ಬಿಡಬಾರದು. ಗರ್ಭಿಣಿಯರಲ್ಲಿ ಉರಿ ಇಲ್ಲದೆಯೂ ಮೂತ್ರದ ಸೋಂಕು ಇರಬಹುದು. ಅದು ಮೂತ್ರಪಿಂಡಕ್ಕೆ ಏರಿದರೆ ಚಳಿಜ್ವರ ಬರುತ್ತದೆ, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು. ಇದಕ್ಕಾಗಿಯೇ ಮೂತ್ರ ಪರೀಕ್ಷೆ ಮಾಡಿಸುತ್ತಾರೆ.

ಸಾಮಾನ್ಯವಾಗಿ ಸುರಕ್ಷಿತ: ಪೆನಿಸಿಲಿನ್, ಅಮಾಕ್ಸಿಸಿಲಿನ್, ಸೆಫಲೆಕ್ಸಿನ್. ಪೆನಿಸಿಲಿನ್ ಅಲರ್ಜಿ ಇದ್ದವರು ಮೊದಲೇ ಡಾಕ್ಟರಿಗೆ ತಿಳಿಸಬೇಕು.

ಎಚ್ಚರಿಕೆ ಬೇಕಾದವು: ಟೆಟ್ರಾಸೈಕ್ಲಿನ್ ನಾಲ್ಕನೇ ತಿಂಗಳ ನಂತರ ಮಗುವಿನ ಮೂಳೆ, ಹಲ್ಲುಗಳಲ್ಲಿ ಸೇರಿಕೊಳ್ಳುತ್ತದೆ, ಮುಂದೆ ಹಲ್ಲು ಹಳದಿಯಾಗುತ್ತದೆ. ಅದೇ ಗುಂಪಿನ ಡಾಕ್ಸಿಸೈಕ್ಲಿನ್ ಅನ್ನೂ ಸಾಮಾನ್ಯವಾಗಿ ಕೊಡುವುದಿಲ್ಲ. ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಮಗುವಿನ ಕಿವಿ ಕೆಡಿಸಬಲ್ಲದು. ಕೋ-ಟ್ರೈಮಾಕ್ಸಜೋಲ್ ಫೋಲಿಕ್ ಆಮ್ಲದ ಕೆಲಸಕ್ಕೆ ಅಡ್ಡಬರುವುದರಿಂದ ಮೊದಲ ಮೂರು ತಿಂಗಳು ಆದಷ್ಟು ತಪ್ಪಿಸುತ್ತಾರೆ. ಸಿಪ್ರೊಫ್ಲಾಕ್ಸಸಿನ್ ಅನ್ನು ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಕೊಡುತ್ತಾರೆ. ಗರ್ಭ ನಿಂತದ್ದು ತಿಳಿಯದೆ ಇಂಥದ್ದನ್ನು ನುಂಗಿದ್ದರೆ ಗಾಬರಿ ಬೇಡ. ಮಾತ್ರೆಯ ಹೆಸರು, ನುಂಗಿದ ದಿನಗಳನ್ನು ಡಾಕ್ಟರಿಗೆ ಹೇಳಿದರೆ ಸಾಕು, ಮುಂದಿನದನ್ನು ಅವರು ನೋಡಿಕೊಳ್ಳುತ್ತಾರೆ.

ಗಡಿ ಊರಿನವರಿಗೆ ಇನ್ನೊಂದು ತೊಡಕಿದೆ. ಕಾಸರಗೋಡಿನವರು ಮಂಗಳೂರಿಗೆ, ತಾಳವಾಡಿಯವರು ಚಾಮರಾಜನಗರಕ್ಕೆ, ಜತ್ತಿನವರು ವಿಜಯಪುರಕ್ಕೆ ಹೋಗಿ ತೋರಿಸುವುದುಂಟು. ಹೀಗೆ ತಪಾಸಣೆ ಒಂದು ರಾಜ್ಯದಲ್ಲಿ, ಚಿಕಿತ್ಸೆ ಇನ್ನೊಂದರಲ್ಲಿ ಆದಾಗ ಮೊದಲಿನ ಮಾತ್ರೆಯ ವಿಷಯ ಎರಡನೇ ಡಾಕ್ಟರಿಗೆ ತಿಳಿಯುವುದಿಲ್ಲ. ಆದ್ದರಿಂದ ತಾಯಿ ಕಾರ್ಡ್, ಹಳೆಯ ಚೀಟಿ, ಮಾತ್ರೆಯ ಖಾಲಿ ಪಟ್ಟಿ ಜೊತೆಗಿರಲಿ. ಮಾತು ಯಾವ ಭಾಷೆಯಲ್ಲಾದರೂ ಎಷ್ಟನೇ ತಿಂಗಳು ಎಂಬುದನ್ನು ಮೊದಲು ಹೇಳಬೇಕು.

ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ಕೊಳ್ಳಬಾರದ ಔಷಧ. ಬರೆದುಕೊಟ್ಟಷ್ಟು ದಿನ ಪೂರ್ತಿ ತೆಗೆದುಕೊಳ್ಳಬೇಕು. ಉಳಿದ ಮಾತ್ರೆಯನ್ನು ಅಕ್ಕಪಕ್ಕದವರಿಗೆ ಕೊಡಬಾರದು. ಮೈಮೇಲೆ ದದ್ದು ಎದ್ದರೆ ಮುಂದಿನ ಮಾತ್ರೆಗೆ ಮೊದಲು ಡಾಕ್ಟರನ್ನು ಕೇಳಬೇಕು. ಮುಖ ಊದಿದರೆ, ಉಸಿರು ಕಟ್ಟಿದರೆ, ಚಳಿಜ್ವರದೊಂದಿಗೆ ಬೆನ್ನು ನೋವು ಬಂದರೆ, ಮಗುವಿನ ಅಲುಗಾಟ ಕಡಿಮೆಯಾದರೆ ಹತ್ತಿರದ ಆಸ್ಪತ್ರೆಗೆ ಕೂಡಲೇ ಹೋಗಬೇಕು. ಅದು ಗಡಿಯ ಯಾವ ಬದಿಯಲ್ಲಿದ್ದರೂ ಸರಿ.