ಅಜ್ಜಿಯ ಟ್ರಂಕಿನ ಮಾದಲ

ಅಕ್ಕಿಆಲೂರಿನ ಮನೆಯಲ್ಲಿ ಅಜ್ಜಿ ಟ್ರಂಕು ತೆಗೆದರೆ ಇಳಕಲ್ಲ ಸೀರೆ ಕಾಣುವ ಮೊದಲೇ ಮಾದಲ ಹಣ್ಣಿನ ಪರಿಮಳ ಬರುತ್ತಿತ್ತು. 'ನುಸಿ ಹತ್ತೂದಿಲ್ಲೋ ತಮ್ಮಾ' ಎನ್ನುತ್ತಿದ್ದಳು. ನಾನು ನಂಬಿರಲಿಲ್ಲ. ಬಹಳ ವರ್ಷದ ಮೇಲೆ ಓದಿದೆ: ಕ್ರಿ.ಪೂ. 4ನೇ ಶತಮಾನದ ಗ್ರೀಕ್ ವಿದ್ವಾಂಸ ಥಿಯೋಫ್ರಾಸ್ಟಸ್ ಕೂಡ ಈ ಹಣ್ಣನ್ನು ತಿನ್ನುವುದಿಲ್ಲ, ಬಟ್ಟೆಯ ನಡುವೆ ಇಟ್ಟರೆ ನುಸಿ ಬರುವುದಿಲ್ಲ ಎಂದೇ ಬರೆದಿದ್ದಾನೆ.

ಅಜ್ಜಿ ಗಾತ್ರ ನೋಡಿ ಹಣ್ಣು ಆರಿಸುತ್ತಿರಲಿಲ್ಲ. ಸಿಪ್ಪೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ಮೂಸುತ್ತಿದ್ದಳು. ಮಾದಲದಲ್ಲಿ ರಸ ಕಡಿಮೆ. ಪರಿಮಳವೆಲ್ಲ ಸಿಪ್ಪೆಯ ಎಣ್ಣೆಯಲ್ಲಿ. ತೊಟ್ಟು ಗಟ್ಟಿಯಿದ್ದ, ಪೆಟ್ಟಾಗದ ಹಣ್ಣು ಒಣ ಅರಿವೆಯಲ್ಲಿ ಸುತ್ತಿ ಟ್ರಂಕಿಗೆ ಹೋಗುತ್ತಿತ್ತು. ಪೆಟ್ಟಾದದ್ದು ಇಟ್ಟರೆ ಬೂಷ್ಟು ಹಿಡಿಯುತ್ತದೆಂದು ಅಂದೇ ಉಪ್ಪಿನಕಾಯಿಗೆ. ಅದಕ್ಕೂ ದಪ್ಪ ಬಿಳಿ ಸಿಪ್ಪೆಯೇ ಮುಖ್ಯ.

ಚರಕ ಸಂಹಿತೆಯ ಮಾತುಲುಂಗ ಇದೇ. ನಾವು ದಿನಾ ಹಿಂಡುವ ನಿಂಬೆಯೂ ಮಾದಲದ ಸಂತಾನ. ವಂಶವಾಹಿ ಪರೀಕ್ಷೆ ಮಾಡಿದ ವಿಜ್ಞಾನಿಗಳು ಅದನ್ನು ಖಚಿತಪಡಿಸಿದ್ದಾರೆ. ಮಗ ಮನೆಮನೆಯಲ್ಲಿದ್ದಾನೆ, ಅಪ್ಪನ ಹೆಸರು ಮರೆತುಹೋಗಿದೆ.

ಹಿತ್ತಲಿನ ಮಾದಲದ ಗಿಡ ಕಡಿಸಿ ಬಚ್ಚಲುಮನೆ ಕಟ್ಟಿಸಿದವನು ನಾನೇ. ಅಜ್ಜಿ ಆಗ ಇರಲಿಲ್ಲ.

ಈಚೆಗೆ ಮಗಳೊಂದಿಗೆ ಕೊಲ್ಲಾಪುರಕ್ಕೆ ಹೋಗಿದ್ದೆ. ಶಿಲಾಹಾರರ ಕಾಲದ ಕನ್ನಡ ಶಾಸನಗಳಿರುವ ಊರು ಅದು. ಅಲ್ಲಿಯ ಮಹಾಲಕ್ಷ್ಮಿಯ ಕೆಳಗಿನ ಬಲಗೈಯಲ್ಲಿ ಮಾತುಲುಂಗವಿದೆ. ಅಲಂಕಾರದಲ್ಲಿ ಅದು ಕಾಣುವುದಿಲ್ಲ. ಹೊರಗೆ ಮೂರ್ತಿಯ ಚಿತ್ರ ನೋಡಿದ ಮಗಳು, 'ಅಪ್ಪಾ, ಕೈಯಾಗಿಂದು ಏನು?' ಎಂದಳು.

'ಮಾದಲ' ಎಂದೆ.

'ಹೆಂಗಿರ್ತದ ಅದರ ವಾಸನಿ?'

ಹೇಳಲು ಬರಲಿಲ್ಲ. ಈ ಮಳೆಗಾಲಕ್ಕೆ ಒಂದು ಸಸಿ ಹುಡುಕುತ್ತಿದ್ದೇನೆ.